ಕೆರೆಯ ಸುತ್ತಲ್ಲ, ಕೆರೆಯಿಂದ ಕೆರೆಗೆ

ಬೆಂಗಳೂರಿನ ಆಟದ ಬಯಲುಗಳ ಹೆಸರು ಬರೆಯುತ್ತ ಕೂತರೆ ಸ್ವಲ್ಪ ಹೊತ್ತಿಗೇ ಅದು ಕೆರೆಗಳ ಪಟ್ಟಿಯಾಗಿಬಿಡುತ್ತದೆ. ಕಂಠೀರವ ಕ್ರೀಡಾಂಗಣ ಎದ್ದಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಹಾಕಿ ಕ್ರೀಡಾಂಗಣದ ಜಾಗ ಅಕ್ಕಿತಿಮ್ಮನಹಳ್ಳಿ ಕೆರೆಯದು. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ್ದು ಶೂಲೆ ಕೆರೆಯದು. ದೊಮ್ಮಲೂರಿನ ಕಡೆಯ ಗಾಲ್ಫ್ ಹುಲ್ಲುಹಾಸು ಹರಡಿರುವುದು ಚಲ್ಲಘಟ್ಟ ಕೆರೆಯಿದ್ದಲ್ಲಿ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕೋರಮಂಗಲದಲ್ಲಿ ಕಟ್ಟಿದ ಕ್ರೀಡಾಗ್ರಾಮದ ನೆಲ ಶಿನಿವಾಗಿಲು ಕೆರೆಯದು. ಇತ್ತ ಪಶ್ಚಿಮಕ್ಕೆ ಬಂದರೂ ಕಥೆ ಬೇರೆಯಲ್ಲ. ಕಾಮಾಕ್ಷಿಪಾಳ್ಯದ ಕೆರೆ ಆಟದ ಮೈದಾನವಾಯಿತು, ಅಗಸನ ಕೆರೆ ಗಾಯತ್ರಿದೇವಿ ಉದ್ಯಾನವಾಯಿತು, ಕೇತಮಾರನಹಳ್ಳಿ ಕೆರೆಯ ಮೇಲೆ ರಾಜಾಜಿನಗರ, ಮಹಾಲಕ್ಷ್ಮೀಪುರದ ಮನೆಗಳೆದ್ದವು. ಮಾರೇನಹಳ್ಳಿ ಕೆರೆಯ ಹೆಸರು ವಿಜಯನಗರದ ಪಕ್ಕದ ಬಡಾವಣೆಯ ಬೋರ್ಡಿನಲ್ಲಿ ಉಳಿಯಿತು, ಕೆರೆ ಉಳಿಯಲಿಲ್ಲ.

ಕೆರೆಯಲ್ಲಿ ಆಡುವುದು ಈ ಊರಿಗೆ ಕ್ರೀಡಾಂಗಣಗಳು ಬಂದಮೇಲೆ ಶುರುವಾದದ್ದೇನಲ್ಲ. ಬಯಲುಸೀಮೆಯ ಕೆರೆಗೆ ವರ್ಷದಲ್ಲಿ ಎರಡು ಬಾಳು. ಮಳೆಗಾಲ ಮುಗಿಯುವ ಹೊತ್ತಿಗೆ ಅದು ತುಂಬಿದ ನೀರು: ಹುಡುಗರು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದರು, ದನಕರುಗಳ ಮೈ ತೊಳೆಯುವ ನೆಪದಲ್ಲಿ ಮಧ್ಯಾಹ್ನವೆಲ್ಲ ನೀರಿನಲ್ಲೇ ಕಳೆಯುತ್ತಿದ್ದರು. ಬೇಸಗೆ ಬಂದು ನೀರು ತೂಬಿನ ಮಟ್ಟಕ್ಕಿಂತ ಕೆಳಗೆ ಹೋದಾಗ ಅದೇ ಕೆರೆ ಸಮತಟ್ಟಾದ ಬಯಲು. ಆಗ ಕಬಡ್ಡಿ, ಚಿನ್ನಿದಾಂಡು, ಆಮೇಲಾಮೇಲೆ ಟೆನಿಸ್ ಬಾಲಿನ ಕ್ರಿಕೆಟ್. ಒಂದು ಮೂಲೆಯಲ್ಲಿ ರೈತರು ಹೊಲಕ್ಕೆ ಗೋಡು ಹೊಡೆಯುತ್ತಿದ್ದರೆ ಇನ್ನೊಂದು ಮೂಲೆಯಲ್ಲಿ ಮಕ್ಕಳು ಆಡುತ್ತಿದ್ದರು. ಆಷಾಢದ ಗಾಳಿಗೆ ಗಾಳಿಪಟ ಹಾರಿಸುವ ಹೊತ್ತಿಗೆ ಮತ್ತೆ ಮೋಡ. ನಗರ ಮಾಡಿದ್ದೇನೆಂದರೆ, ಈ ಎರಡು ಬಾಳಿನಲ್ಲಿ ಬೇಸಗೆಯದನ್ನು ಮಾತ್ರ ಇಟ್ಟುಕೊಂಡು ಮಳೆಗಾಲದ್ದನ್ನು ಶಾಶ್ವತವಾಗಿ ಅಳಿಸಿಬಿಟ್ಟಿತು. ಆಟ ಉಳಿಯಿತು, ನೀರು ಹೋಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾದ ಬಗೆಯನ್ನು ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಹಳೆಯ ದಾಖಲೆ, ನಕ್ಷೆಗಳನ್ನು ಹಿಡಿದು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದ್ದಾರೆ. ಬೆಂಗಳೂರು ಕರಗದ ವಿಧಿಗಳಿಗೆ ಇವತ್ತಿಗೂ ಕಂಠೀರವದ ಪಕ್ಕದಲ್ಲಿ ಉಳಿದ ಪುಟ್ಟ ಕುಂಟೆಯ ನೀರೇ ಬೇಕು. ಊರು ಮರೆತದ್ದನ್ನು ಕರಗ ಮರೆತಿಲ್ಲ.

ಇವತ್ತು ಪಶ್ಚಿಮ ಬೆಂಗಳೂರಿನ ಚಂದ್ರಾ ಲೇಔಟಿನಲ್ಲಿ ಬೆಳಗ್ಗೆ ಐದೂವರೆಗೆ ಶೂ ಕಟ್ಟಿಕೊಂಡು ಹೊರಡುವವರನ್ನು ಕೇಳಿ ನೋಡಿ. ಹತ್ತಿರದ ಪಾರ್ಕಿನಲ್ಲಿ ಸುತ್ತು ಹಾಕುವವರು ಒಂದಷ್ಟು ಜನ. ಸ್ಕೂಟರ್ ಹತ್ತಿ ನಾಗರಬಾವಿ ದಾಟಿ ಮಲ್ಲತ್ತಹಳ್ಳಿ ಕೆರೆಗೆ ಹೋಗುವವರು ಇನ್ನೊಂದಷ್ಟು ಜನ. ಜ್ಞಾನಭಾರತಿ ಆವರಣದ ಮರಗಳ ಕೆಳಗೆ ಓಡುವವರು, ಸೈಕಲ್ ತುಳಿಯುವವರು ಮತ್ತಷ್ಟು. ಭಾನುವಾರವಾದರೆ ಉಳ್ಳಾಲ, ಹೇರೋಹಳ್ಳಿ, ಕೆಂಗೇರಿ ಎಂದು ವೃತ್ತ ದೊಡ್ಡದಾಗುತ್ತದೆ. ಕ್ಯಾಮೆರಾ ಇರುವವರು ರಾಮಸಂದ್ರ, ಕೊಮ್ಮಘಟ್ಟದ ಕೆರೆಗಳ ತನಕ ಹೋಗುತ್ತಾರೆ. ಕಳೆದ ಇಪ್ಪತ್ತು ವರ್ಷಗಳಲ್ಲಿ ನಗರದ ಮಧ್ಯಮವರ್ಗಕ್ಕೆ ಕೆರೆ ಎಂದರೆ ವಾಕಿಂಗ್ ಎಂಬ ಅರ್ಥ ಬಂದುಬಿಟ್ಟಿದೆ. ಇದನ್ನು ನಾನು ದೂರುವುದಿಲ್ಲ. ವಾಕಿಂಗ್‌ನವರು ಇಲ್ಲದಿದ್ದರೆ ಇವುಗಳಲ್ಲಿ ಕೆಲವಾದರೂ ಕೆರೆಗಳು ಸೈಟುಗಳಾಗಿರುತ್ತಿದ್ದವು. ದಿನಾ ಬೆಳಗ್ಗೆ ಏರಿಯ ಮೇಲೆ ಜನ ನಡೆಯುವ ಕೆರೆಗೆ ರಾತ್ರೋರಾತ್ರಿ ಲಾರಿಗಟ್ಟಲೆ ಮಣ್ಣು ಸುರಿಯುವುದು ಕಷ್ಟ.

ಪಶ್ಚಿಮ ಬೆಂಗಳೂರಿನವರಿಗೆ ಮಲ್ಲತ್ತಹಳ್ಳಿ ಕೆರೆ ದೊಡ್ಡದೇ, ಎಪ್ಪತ್ತು ಎಕರೆ ದಾಟುತ್ತದೆ. ಒಂದು ಕಡೆ ಅಂಬೇಡ್ಕರ್ ಎಂಜಿನಿಯರಿಂಗ್ ಕಾಲೇಜು, ಇನ್ನೊಂದು ಕಡೆ ವಿಶ್ವವಿದ್ಯಾಲಯದ ನೆಲ. ಸಮೀಪದಲ್ಲೇ ಕಲಾಗ್ರಾಮ. ನಾಟಕ ನೋಡಲು ಸಂಜೆ ಕಲಾಗ್ರಾಮಕ್ಕೆ ಬರುವವರು ಒಂದು ಗಂಟೆ ಮುಂಚೆ ಬಂದರೆ ಕೆರೆಯನ್ನೂ ನೋಡಿಕೊಂಡು ಹೋಗಬಹುದು, ಆದರೆ ಹಾಗೆ ಮಾಡುವವರು ಕಡಿಮೆ. ನೀರಿನ ಮೇಲೆ ನಾಮದ ಕೋಳಿ, ಗುಳುಮುಳುಕ. ಜೊಂಡಿದ್ದ ಕಡೆ ನೇರಳೆ ಜಂಬುಕೋಳಿ. ಕಲ್ಲಿನ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆ. ಇಷ್ಟನ್ನು ಗುರುತಿಸಲು ಬೈನಾಕ್ಯುಲರ್ ಕೂಡ ಬೇಡ.

ಈ ಕೆರೆಯಂಗಳದಲ್ಲಿ ಶಿವನ ಮೂರ್ತಿಗಳ ಉದ್ಯಾನ ಕಟ್ಟುವ ಕಾಮಗಾರಿ ಹೈಕೋರ್ಟಿನ ಮುಂದೆ ಹೋಗಿದ್ದು ಪತ್ರಿಕೆ ಓದುವವರಿಗೆ ನೆನಪಿರುತ್ತದೆ. ಆ ವಿವಾದದಲ್ಲಿ ಭಕ್ತಿಯ ಮಾತು ಬಹಳ ಕೇಳಿಬಂತು, ರಾಜಕೀಯದ ಮಾತು ಇನ್ನೂ ಹೆಚ್ಚು. ನನಗೆ ಅದರಲ್ಲಿ ಕಂಡದ್ದು ಮನರಂಜನೆಯ ಪ್ರಶ್ನೆ. ಜನರನ್ನು ಕೆರೆಗೆ ಕರೆತರಲು ಕೆರೆಯ ಹೊರತಾಗಿ ಇನ್ನೇನಾದರೂ ಬೇಕು ಎಂದು ನಾವು ಯಾವಾಗ ನಂಬಲು ಶುರುಮಾಡಿದೆವು? ಓಪನ್ ಜಿಮ್, ಬಣ್ಣದ ದೀಪದ ಕಾರಂಜಿ, ಸಿಮೆಂಟಿನ ಪ್ರಾಣಿಗಳು, ಸೆಲ್ಫಿಗೆಂದೇ ನಿಲ್ಲಿಸಿದ ಕಮಾನು. ಇವೆಲ್ಲ ನೀರಿಲ್ಲದ ಪಾರ್ಕಿನಲ್ಲೂ ಇರಬಹುದು. ಕೆರೆಯಲ್ಲಿ ಮಾತ್ರ ಸಿಗುವ ಸಂತೋಷ ಯಾವುದೋ ಅದಕ್ಕೆ ಖರ್ಚು ಮಾಡುವ ಬದಲು ಎಲ್ಲೆಲ್ಲೂ ಸಿಗುವುದನ್ನು ತಂದು ಕೆರೆಯ ದಂಡೆಗೆ ಸುರಿಯುತ್ತಿದ್ದೇವೆ.

ಕೆರೆಯಲ್ಲಿ ಮಾತ್ರ ಸಿಗುವುದು ಏನು ಎಂದು ತಿಳಿಯಬೇಕಾದರೆ ಕೆರೆ ಒಂಟಿಯಲ್ಲ ಎಂಬುದನ್ನು ಮೊದಲು ನೋಡಬೇಕು. ಬೆಂಗಳೂರು ಕೂತಿರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ದಿಣ್ಣೆಯ ಮೇಲೆ. ಊರ ನಡುವೆ ಜೀವನದಿ ಇಲ್ಲ. ಬಿದ್ದ ಮಳೆ ದಿಣ್ಣೆಯಿಂದ ಮೂರು ದೊಡ್ಡ ಕಣಿವೆಗಳಾಗಿ ಇಳಿಯುತ್ತದೆ: ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ. ಇಳಿಯುವ ನೀರನ್ನು ಹೆಜ್ಜೆಹೆಜ್ಜೆಗೂ ತಡೆದು ನಿಲ್ಲಿಸಲು ನಮ್ಮ ಹಿರಿಯರು ಏರಿ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಕ್ಕೆ. ತೂಬಿನಿಂದ ಬಿಟ್ಟ ನೀರು ಅಚ್ಚುಕಟ್ಟಿನ ಗದ್ದೆಗೆ, ಗದ್ದೆಯಿಂದ ಬಸಿದದ್ದು ಮತ್ತೆ ಕಾಲುವೆಗೆ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳಲು ನೀರುಗಂಟಿ ಇದ್ದ. ಹೀಗೆ ಹೆಣೆದುಕೊಂಡ ಕೆರೆಗಳ ಸರಪಣಿಯಲ್ಲಿ ಒಂದು ಕೆರೆಗೆ ತನ್ನದೇ ಆದ ಬದುಕು ಅಂತ ಇರಲಿಲ್ಲ. ಮೇಲಿನ ಕೆರೆಯ ಆರೋಗ್ಯವೇ ಕೆಳಗಿನದರ ಆರೋಗ್ಯ.

ಚಂದ್ರಾ ಲೇಔಟಿನ ನೀರೆಲ್ಲ ವೃಷಭಾವತಿಯದು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳು ಎಂಬ ನಂಬಿಕೆಯ ಈ ಹೊಳೆಗೆ ಕಾಡು ಮಲ್ಲೇಶ್ವರದ ಕಡೆಯಿಂದ ಬರುವ ಟಿಸಿಲೂ ಉಂಟು. ಗವಿಪುರದ ಕೆಂಪಾಂಬುಧಿ ಕೆರೆ ಇದೇ ಕಣಿವೆಯದು. ಅದರ ಏರಿಯ ಬಳಿ ಕೆಂಪೇಗೌಡರ ಗಡಿಗೋಪುರಗಳಲ್ಲಿ ಒಂದು ಇನ್ನೂ ನಿಂತಿದೆ. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನದ ಮಗ್ಗುಲಲ್ಲಿ ಹೊಳೆ ಹಾದು ನಾಯಂಡಹಳ್ಳಿಗೆ ಬರುತ್ತದೆ. ನಾಗರಬಾವಿ ತೊರೆಯೂ, ಜ್ಞಾನಭಾರತಿ ಆವರಣದ ಹಳ್ಳಗಳೂ ಕೊನೆಗೆ ಸೇರುವುದು ಇದಕ್ಕೇ. ಕೆಂಗೇರಿ ದಾಟಿ, ಬಿಡದಿ ಬಳಿ ಬೈರಮಂಗಲ ಜಲಾಶಯ ತುಂಬಿ, ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಯನ್ನು ಮುಟ್ಟುತ್ತದೆ. ಚಂದ್ರಾ ಲೇಔಟಿನ ತಾರಸಿಯಿಂದ ಮೋರಿಗೆ ಬಿದ್ದ ಮಳೆಹನಿಗೂ ಈ ದಾರಿ ಬಿಟ್ಟು ಬೇರೆ ದಾರಿಯಿಲ್ಲ.

ಇದನ್ನು ಕಣ್ಣಾರೆ ನೋಡಲು ಈಗ ಒಂದು ಸುಲಭದ ಉಪಾಯವಿದೆ. ಅತ್ತಿಗುಪ್ಪೆ ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ. ದೀಪಾಂಜಲಿನಗರ, ಮೈಸೂರು ರಸ್ತೆ, ಪಂತರಪಾಳ್ಯ–ನಾಯಂಡಹಳ್ಳಿ, ರಾಜರಾಜೇಶ್ವರಿನಗರ, ಜ್ಞಾನಭಾರತಿ, ಪಟ್ಟಣಗೆರೆ, ಕೆಂಗೇರಿ. 2021ರ ಆಗಸ್ಟಿನಲ್ಲಿ ಕೆಂಗೇರಿ ತನಕ, 2023ರ ಅಕ್ಟೋಬರಿನಲ್ಲಿ ಕೆಂಗೇರಿಯಾಚೆಯ ಇನ್ನೊಂದು ಚಲ್ಲಘಟ್ಟದ ತನಕ ಬಂದ ಈ ಮಾರ್ಗ ವೃಷಭಾವತಿಯ ಕಣಿವೆಯನ್ನೇ ಹಿಡಿದು ಸಾಗುತ್ತದೆ. ಕಿಟಕಿಯ ಪಕ್ಕ ನಿಂತರೆ ಕೆಳಗೆ ಕಲ್ಲು–ಕಾಂಕ್ರೀಟಿನ ಗೋಡೆಗಳ ನಡುವೆ ಕಪ್ಪಗೆ ಹರಿಯುವ ಹೊಳೆ ಕಾಣುತ್ತದೆ. ರೈಲಿನಲ್ಲಿ ಎಷ್ಟೋ ಜನ ಅದನ್ನು ಮೋರಿ ಎಂದೇ ತಿಳಿದಿರುತ್ತಾರೆ. ಮಕ್ಕಳಿಗೆ ಅದು ನದಿ ಎಂದು ಹೇಳಿಕೊಡುವ ಅಪ್ಪ–ಅಮ್ಮ ಬೇಕಾಗಿದ್ದಾರೆ.

ಹೊಳೆ ಕಪ್ಪಾದದ್ದಕ್ಕೂ ಕೆರೆಗಳು ಮೈದಾನವಾದದ್ದಕ್ಕೂ ಕಾರಣ ಒಂದೇ: ಊರಿಗೆ ಕೆರೆಯ ಅಗತ್ಯ ತಪ್ಪಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಕೊಳವೆಯಲ್ಲಿ ನೀರು ಬಂತು. ನಲ್ಲಿ ತಿರುಗಿಸಿದರೆ ನೀರು ಬರುವ ಊರಿನಲ್ಲಿ ಕೆರೆ ಸೊಳ್ಳೆಯ ತವರು ಮತ್ತು ಖಾಲಿ ಜಾಗ, ಅಷ್ಟೆ. ಹಾಗೆ ಬಂದ ನೀರು ಬಳಕೆಯಾದಮೇಲೆ ಹೋಗಬೇಕಲ್ಲ. ಇಳಿಜಾರು ಸಿದ್ಧವಾಗಿಯೇ ಇತ್ತು. ರಾಜಕಾಲುವೆಗೆ ಒಳಚರಂಡಿ ಕೂಡಿಕೊಂಡಿತು. ಕೆರೆಗಳನ್ನು ಒಡೆಯಬಾರದು, ಹಾಳಾದ ಕೆರೆಯಂಗಳವನ್ನೂ ಮರಗಳಿಗೆ ಬಿಡಬೇಕು ಎಂದು ಎನ್. ಲಕ್ಷ್ಮಣ ರಾವ್ ಸಮಿತಿ 1980ರ ದಶಕದಲ್ಲೇ ಹೇಳಿತ್ತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಬಂತು. ಅದರ ಕಾಲದಲ್ಲಿ ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿಯವರಿಗೆ ವಹಿಸುವ ಪ್ರಯೋಗ ನಡೆಯಿತು. ದೋಣಿವಿಹಾರ, ಉಪಾಹಾರ ಮಂದಿರ, ಪ್ರವೇಶ ಶುಲ್ಕ. ಕೆರೆ ಎಲ್ಲರದ್ದು, ಟಿಕೆಟ್ ಕೊಂಡವರದ್ದಷ್ಟೇ ಅಲ್ಲ ಎಂದು ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ 2008ರಲ್ಲಿ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ವರದಿ ಕೊಟ್ಟಿತು, 2012ರಲ್ಲಿ ಆದೇಶ ಬಂತು. 2014ರಲ್ಲಿ ಕೆರೆಯ ಅಂಚಿನಿಂದ 30 ಮೀಟರ್ ಒಳಗೆ ಕಟ್ಟಡ ಕೂಡದು ಎಂಬ ಕಾಯಿದೆ ಬಂತು. 2016ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 75 ಮೀಟರಿಗೆ ಏರಿಸಿತು, 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಇಷ್ಟೆಲ್ಲ ಹೋರಾಟ ಕೆರೆಯ ಅಂಚಿನ ಕುರಿತು. ಕೆರೆಗೂ ಕೆರೆಗೂ ನಡುವೆ ಇರುವ ಕಾಲುವೆಯ ಕುರಿತು ಇದರ ಕಾಲುಭಾಗದಷ್ಟು ಕಾಳಜಿಯೂ ಕಾಣಲಿಲ್ಲ.

ಅದರ ಫಲವನ್ನು ವಾಕಿಂಗ್‌ನವರೇ ಮೊದಲು ಕಾಣುವುದು. ಬೇಸಗೆಯ ಕೊನೆಯ ಮೊದಲ ಜೋರು ಮಳೆ ಬಿದ್ದ ಮಾರನೆಯ ಬೆಳಗ್ಗೆ ಕೆರೆಯ ದಂಡೆಯಲ್ಲಿ ಸತ್ತ ಮೀನು ಬಿಳಿಯ ಗೆರೆಯಾಗಿ ಬಿದ್ದಿರುತ್ತದೆ. ಯಾರೋ ವಿಷ ಹಾಕಿದರು ಎಂದು ಸುದ್ದಿ ಹಬ್ಬುತ್ತದೆ. ಬಹಳಷ್ಟು ಸಲ ವಿಷವಲ್ಲ, ಕಾಲುವೆ. ತಿಂಗಳುಗಟ್ಟಲೆ ರಾಜಕಾಲುವೆಯಲ್ಲಿ ಕೂತ ಕೊಳಚೆಯನ್ನೆಲ್ಲ ಆ ಮಳೆ ಒಂದೇ ಏಟಿಗೆ ಕೆರೆಗೆ ತಳ್ಳುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಾಣುಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಬಿಡುತ್ತವೆ. ಹಗಲಲ್ಲಿ ಆಮ್ಲಜನಕ ಕೊಡುವ ಪಾಚಿ ರಾತ್ರಿ ತಾನೂ ಅದನ್ನೇ ಉಸಿರಾಡುತ್ತದೆ. ಬೆಳಗಿನ ಜಾವಕ್ಕೆ ಆಮ್ಲಜನಕ ತೀರಾ ಕೆಳಗೆ ಇಳಿಯುತ್ತದೆ, ಮೀನು ಮೇಲೆ ಬಂದು ಬಾಯಿ ತೆರೆದು, ಸಾಯುತ್ತದೆ. ದಂಡೆಗೆ ಎಷ್ಟೇ ಚಂದದ ಕಲ್ಲು ಹಾಸಿದ್ದರೂ ಇದು ತಪ್ಪುವುದಿಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಬಳಕೆಗೆ ತಕ್ಕಂತೆ ‘ಎ’ಯಿಂದ ‘ಇ’ವರೆಗೆ ವರ್ಗ ಮಾಡುತ್ತದೆ. ಹೊರಾಂಗಣ ಸ್ನಾನಕ್ಕೆ ಆಗುವ ನೀರು ‘ಬಿ’: ಲೀಟರಿಗೆ ಕರಗಿದ ಆಮ್ಲಜನಕ ಕನಿಷ್ಠ 5 ಮಿಲಿಗ್ರಾಂ, ಜೈವಿಕ ಆಮ್ಲಜನಕದ ಬೇಡಿಕೆ 3 ಮಿಲಿಗ್ರಾಂ ಮೀರಬಾರದು, 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ 500 ದಾಟಬಾರದು. ಮೀನು ಮತ್ತು ಕಾಡುಜೀವಿಗಳಿಗೆ ಆಗುವುದು ‘ಡಿ’. ನೀರಾವರಿಗೆ, ಕಾರ್ಖಾನೆಯ ಯಂತ್ರ ತಣಿಸಲು ಆಗುವುದು ‘ಇ’. ರಾಜ್ಯ ಮಂಡಳಿಯ ಪರೀಕ್ಷೆಗಳಲ್ಲಿ ಬೆಂಗಳೂರಿನ ಬಹುಪಾಲು ಕೆರೆಗಳು ಬೀಳುವುದು ‘ಡಿ’ ಅಥವಾ ‘ಇ’ಯಲ್ಲಿ. ನಮ್ಮ ಅಜ್ಜಂದಿರು ಈಜು ಕಲಿತ ನೀರನ್ನು ನಮ್ಮ ಮಕ್ಕಳು ಬೇಲಿಯ ಆಚೆಯಿಂದ ನೋಡಬೇಕಾಗಿರುವುದು ಈ ಎರಡು ಅಕ್ಷರಗಳಿಂದ. ಗೇಟಿನಲ್ಲಿ ‘ಈಜುವುದನ್ನು ನಿಷೇಧಿಸಲಾಗಿದೆ’ ಎಂಬ ಫಲಕ ಇರುತ್ತದೆ. ಅದರ ಪಕ್ಕದಲ್ಲಿ ಈ ತಿಂಗಳು ಈ ಕೆರೆಯ ನೀರು ಯಾವ ವರ್ಗಕ್ಕೆ ಬಂತು ಎಂದು ಇನ್ನೊಂದು ಫಲಕ ಇರಬೇಕು. ಪರೀಕ್ಷೆ ಹೇಗೂ ನಡೆಯುತ್ತಿದೆ, ಬರೆಯಲು ಬೇಕಾದ್ದು ಒಂದು ಕಪ್ಪು ಹಲಗೆ, ಸೀಮೆಸುಣ್ಣ.

ನೀರಿನ ಅಂಚಿನದೂ ಒಂದು ಮಾತಿದೆ. ಹಳೆಯ ಕೆರೆ ಒಂದು ಕಡೆ ಏರಿ, ಉಳಿದ ಕಡೆಯೆಲ್ಲ ನಿಧಾನಕ್ಕೆ ಆಳವಾಗುವ ಇಳಿಜಾರು. ಆ ತೆಳುನೀರಿನಲ್ಲೇ ಜೊಂಡು, ಆಪು ಬೆಳೆಯುತ್ತವೆ, ಬಕ–ಬೆಳ್ಳಕ್ಕಿ ಮೊಣಕಾಲುದ್ದ ನೀರಿನಲ್ಲಿ ನಿಂತು ಬೇಟೆಯಾಡುತ್ತವೆ, ಟಿಟ್ಟಿಭ ಒದ್ದೆ ಮಣ್ಣಿನಲ್ಲಿ ಓಡಾಡುತ್ತದೆ. ‘ಅಭಿವೃದ್ಧಿ’ಯ ಕಾಮಗಾರಿ ಬಂದಾಗ ಹೂಳೆತ್ತುವ ಹೆಸರಿನಲ್ಲಿ ಸುತ್ತಲೂ ಅಗೆದು, ಆ ಮಣ್ಣನ್ನೇ ಅಂಚಿಗೆ ಪೇರಿಸಿ ವಾಕಿಂಗ್ ಪಾತ್ ಮಾಡಿ, ಕೆರೆಯನ್ನು ಬಾಣಲೆಯಾಗಿಸಿದರು. ತುಂಬ ನೀರು ಹಿಡಿಯುತ್ತದೆ, ನಿಜ. ಆದರೆ ಕಾಲಿಡಲು ಜಾಗವಿಲ್ಲದ ಹಕ್ಕಿ ಬೇರೆಡೆಗೆ ಹೋಗುತ್ತದೆ. ಮನುಷ್ಯನ ಮಗುವಿಗೂ ಆ ಅಂಚು ಅಪಾಯ. ಜಾರಿದರೆ ನೇರ ಆಳಕ್ಕೆ. 2024ರ ಅಕ್ಟೋಬರಿನ ಮಳೆಯಲ್ಲಿ ಕೆಂಗೇರಿ ಕೆರೆಯಲ್ಲಿ ಇಬ್ಬರು ಮಕ್ಕಳು, ಅಣ್ಣ–ತಂಗಿ, ಮುಳುಗಿ ಹೋದರು. ಅಂಥ ಸಾವಿನ ನಂತರ ಎಲ್ಲರೂ ಕೇಳುವುದು ಇನ್ನೂ ಎತ್ತರದ ಬೇಲಿ. ಬೇಲಿ ಬೇಕು, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಮೆಟ್ಟಿಲಿರುವ ಸೋಪಾನಕಟ್ಟೆ, ತೆಳುನೀರಿನ ಅಂಚು, ಈಜು ಬಲ್ಲ ಕಾವಲುಗಾರ, ಕೈಗೆಟಕುವಲ್ಲಿ ಹಗ್ಗ ಮತ್ತು ಟ್ಯೂಬು ಬೇಕು. ನೀರಿನ ಪಕ್ಕ ಬೆಳೆಯುವ ಮಕ್ಕಳಿಗೆ ಈಜು ಕಲಿಸುವುದನ್ನು ಶಾಲೆಗಳು ಕೆಲಸವೆಂದು ಎತ್ತಿಕೊಳ್ಳಬೇಕು. ಕೆಲವು ಕುಟುಂಬಗಳಿಗಷ್ಟೇ ಎಟಕುವ ಈಜುಕೊಳದ ಶುಲ್ಕಕ್ಕೆ ಇದನ್ನು ಬಿಡಲಾಗದು.

ಕೆರೆಯ ಗೇಟು ಯಾರ ಗಡಿಯಾರಕ್ಕೆ ತೆರೆಯುತ್ತದೆ ಎಂಬುದನ್ನೂ ಕೇಳಬೇಕು. ಬೆಳಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ. ನಿವೃತ್ತರಿಗೆ, ಆಫೀಸಿಗೆ ಹೋಗುವವರಿಗೆ ಸರಿಹೋಗುವ ಹೊತ್ತು. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಕ್ಕಳಿಗೆ, ಮಧ್ಯಾಹ್ನದ ಬಿಸಿಲಿನಲ್ಲಿ ಬೈಕ್ ನಿಲ್ಲಿಸಿ ನೆರಳು ಹುಡುಕುವ ಡೆಲಿವರಿ ಹುಡುಗರಿಗೆ, ಭಾನುವಾರ ಮಧ್ಯಾಹ್ನವಷ್ಟೇ ಬಿಡುವಾಗುವ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಆ ಗೇಟು ಮುಚ್ಚಿರುತ್ತದೆ. ಮೀನು ಹಿಡಿಯುವವರು, ಹಸುವಿಗೆ ಹುಲ್ಲು ಕೊಯ್ಯುವವರು ಕೆರೆಯ ಹಳೆಯ ಸಂಬಂಧಿಕರು. ಅವರನ್ನು ಒಳನುಗ್ಗಿದವರಂತೆ ನೋಡುವುದು ವಾಕಿಂಗ್‌ನವರಾದ ನಮಗೆ ಶೋಭೆಯಲ್ಲ. ಹುಲ್ಲು ಕೊಯ್ದಷ್ಟೂ ಕೆರೆಗೆ ಒಳ್ಳೆಯದು. ಕೊಳಚೆ ತಂದ ಗೊಬ್ಬರದ ಸಾರ ಹುಲ್ಲಿನ ಜೊತೆ ಹೊರಗೆ ಹೋಗುತ್ತದೆ.

ಸರಪಣಿಯನ್ನೇ ಆಟದ ಅಂಗಳ ಮಾಡಿಕೊಂಡ ಊರುಗಳುಂಟು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 1883ರಲ್ಲಿ ಉದ್ಯಾನ ಮಂಡಳಿ ಆದಾಗಲೇ ಹೊರೇಸ್ ಕ್ಲೀವ್‌ಲೆಂಡ್ ಎಂಬ ಭೂವಿನ್ಯಾಸಕಾರ ನೀರಿನ ಅಂಚಿನ ನೆಲವನ್ನೆಲ್ಲ ಸಾರ್ವಜನಿಕರಿಗಾಗಿ ಕೊಂಡುಬಿಡಿ, ಒಂದಕ್ಕೊಂದು ದಾರಿಯಿಂದ ಕೂಡಿಸಿ ಎಂದು ಸಲಹೆ ಕೊಟ್ಟ. 1911ರಲ್ಲಿ ಕಾಲುವೆ ತೋಡಿ ಸರೋವರಗಳನ್ನು ಜೋಡಿಸಿದರು. ಊರೇ ಹಬ್ಬ ಮಾಡಿತು. ಇಂದು ಅಲ್ಲಿ ಪುಟ್ಟ ದೋಣಿಯಲ್ಲಿ ಕೂತವರು ಒಂದು ಸರೋವರದಿಂದ ಇನ್ನೊಂದಕ್ಕೆ ಹುಟ್ಟು ಹಾಕುತ್ತ ಹೋಗುತ್ತಾರೆ, ಚಳಿಗಾಲದಲ್ಲಿ ಅದೇ ನೀರು ಹೆಪ್ಪುಗಟ್ಟಿದಾಗ ಸ್ಕೇಟಿಂಗ್ ಮಾಡುತ್ತಾರೆ. ಬೇಸಗೆಯಲ್ಲಿ ಈಜುವ ದಂಡೆಗಳ ನೀರನ್ನು ಪರೀಕ್ಷಿಸುತ್ತ, ರೋಗಾಣು ಮಿತಿ ಮೀರಿದರೆ ದಂಡೆ ಮುಚ್ಚುತ್ತಾರೆ, ಮತ್ತೆ ತೆರೆಯುತ್ತಾರೆ. ಅಲ್ಲಿನ ಸರೋವರಗಳು ಹಿಮಯುಗ ಬಿಟ್ಟುಹೋದವು, ನಮ್ಮವು ಮಳೆಗೆಂದು ಮನುಷ್ಯ ಕಟ್ಟಿದವು. ಅಲ್ಲಿನವರು ಕಾಲುವೆ ಅಗೆದು ಜೋಡಿಸಬೇಕಾಯಿತು. ನಮ್ಮವು ಜೋಡಿಸಿಕೊಂಡೇ ಹುಟ್ಟಿದ್ದವು. ಅವರ ದೋಣಿ ನಮಗೆ ಬೇಡ, ಬೇಸಗೆಗೆ ನೀರಿಳಿಯುವ ಕೆರೆಗೆ ಅದು ಒಗ್ಗುವುದೂ ಇಲ್ಲ. ದಾರಿ ಬೇಕು.

ನಮ್ಮಲ್ಲೇ ಅದರ ಆರಂಭಗಳಿವೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಅಕ್ಕಪಕ್ಕದ ನಿವಾಸಿಗಳು, ಪಾಲಿಕೆಯ ಎಂಜಿನಿಯರುಗಳು ಕೂಡಿ ಮತ್ತೆ ಕೆರೆಯಾಗಿಸಿದರು. ಅಲ್ಲಿ ಕೆರೆ ಹಬ್ಬ ನಡೆಯುತ್ತದೆ. ಜಕ್ಕೂರಿನಲ್ಲಿ ಸಂಸ್ಕರಣಾ ಘಟಕದಿಂದ ಬಂದ ನೀರು ಮೊದಲು ಜೊಂಡಿನ ಜೌಗಿನಲ್ಲಿ ಹಾದು ಆಮೇಲೆ ಕೆರೆಗೆ ಇಳಿಯುತ್ತದೆ. ಮೀನುಗಾರರೂ, ಹಕ್ಕಿ ನೋಡುವವರೂ, ನಡೆಯುವವರೂ ಒಂದೇ ದಂಡೆ ಹಂಚಿಕೊಂಡಿದ್ದಾರೆ. ಎಲ್ಲಕ್ಕಿಂತ ನನಗೆ ಮುಖ್ಯ ಅನಿಸುವುದು ಕೋರಮಂಗಲ ಕಣಿವೆಯ ಕೆ–100. ಕೆ.ಆರ್. ಮಾರುಕಟ್ಟೆಯ ಕಡೆಯಿಂದ ಬೆಳ್ಳಂದೂರಿನತ್ತ ಹೋಗುವ ರಾಜಕಾಲುವೆಗೆ ಬೀಳುವ ಒಳಚರಂಡಿಯನ್ನು ಬೇರ್ಪಡಿಸಿ, ಅಂಚಿನಲ್ಲಿ ಜನ ನಡೆಯುವ ದಾರಿ ಮಾಡುವ ಯೋಜನೆ 2021ರಲ್ಲಿ ಕೆಲಸ ಶುರುಮಾಡಿತು. ಕೊರತೆಗಳ ಬಗ್ಗೆ ದೂರುಗಳಿವೆ, ಪೂರ್ಣ ಗೆದ್ದಿದೆ ಎನ್ನಲಾಗದು. ಆದರೆ ರಾಜಕಾಲುವೆಯ ಪಕ್ಕ ಮನುಷ್ಯರು ಮೂಗು ಮುಚ್ಚದೆ ನಡೆಯಬೇಕು ಎಂಬ ಗುರಿಯನ್ನು ಈ ನಗರದ ಒಂದು ಸರ್ಕಾರಿ ಕಾಮಗಾರಿ ಇಟ್ಟುಕೊಂಡಿತಲ್ಲ, ಅದು ಸಣ್ಣ ಮಾತಲ್ಲ.

ಪಶ್ಚಿಮಕ್ಕೆ ಅಂಥದ್ದೊಂದು ಏಕಿಲ್ಲ? ವೃಷಭಾವತಿಯ ಸಂಸ್ಕರಿಸಿದ ನೀರನ್ನು ನೆಲಮಂಗಲ, ತುಮಕೂರಿನ ಕಡೆಯ ಕೆರೆಗಳಿಗೆ ಪಂಪ್ ಮಾಡುವ ಯೋಜನೆಗೆ 2024ರಲ್ಲಿ ಶಂಕುಸ್ಥಾಪನೆ ಆಯಿತು. ದೂರದ ರೈತರಿಗೆ ನೀರು ಹೋಗಲಿ, ಬೇಡವೆನ್ನುವವರಾರು. ಆದರೆ ಆ ನೀರು ಹುಟ್ಟುವ ಕಣಿವೆಯ ಜನರಿಗೂ ಅದರಲ್ಲೊಂದು ಪಾಲಿದೆ: ಹೊಳೆಯ ಪಕ್ಕ ಬದುಕುವ ಸುಖದ ಪಾಲು.

ದಾರಿ ನೆಲದ ಮೇಲೆ ಈಗಲೂ ಇದೆ, ಹಿಡಿದು ನಡೆಯಬಹುದು. ಚಂದ್ರಾ ಲೇಔಟಿನಿಂದ ನಾಗರಬಾವಿ, ಅಲ್ಲಿಂದ ಮಲ್ಲತ್ತಹಳ್ಳಿ ಕೆರೆಯ ಏರಿ. ಅಲ್ಲಿ ಒಂದು ಸುತ್ತು ಹಾಕಿ ಹಿಂತಿರುಗುವ ಬದಲು ಕೋಡಿ ಎಲ್ಲಿದೆ ಎಂದು ಹುಡುಕಿ. ಕೋಡಿ ಸಿಕ್ಕರೆ ನೀರು ಯಾವ ಕಡೆಗೆ ಹೋಗುತ್ತದೆ ಎಂಬುದು ಸಿಗುತ್ತದೆ. ಜ್ಞಾನಭಾರತಿ ಆವರಣ ಸಾವಿರ ಎಕರೆ ದಾಟುವ ವಿಸ್ತಾರ, ಜೈವಿಕ ಉದ್ಯಾನದ ಮರಗಳ ನಡುವೆ ಹಳ್ಳಗಳು ಇಳಿಯುತ್ತವೆ; ನವಿಲು ಕೂಗುವುದನ್ನು ಕೇಳಿದವರು ಬಹಳ ಜನ. ಅನುಮತಿ ಇರುವ ದಾರಿಗಳಲ್ಲೇ ಇಳಿಜಾರು ಹಿಡಿದು ಮೈಸೂರು ರಸ್ತೆಗೆ ಬಂದರೆ ಕೆಳಗೆ ವೃಷಭಾವತಿ. ಎಲ್ಲೆಲ್ಲಿ ಕಾಲುವೆ ಕಾಣೆಯಾಗುತ್ತದೆ, ಎಲ್ಲೆಲ್ಲಿ ಪೈಪು ಬಂದು ಕೂಡುತ್ತದೆ, ಎಲ್ಲಿ ಗೋಡೆ ಅಡ್ಡ ಬಂದಿದೆ ಎಂಬುದನ್ನು ಫೋಟೊ ತೆಗೆದು, ಜಾಗ ಗುರುತು ಹಾಕಿಕೊಳ್ಳುತ್ತ ಹೋಗಿ. ಕೆರೆಯ ಸುತ್ತ ನಡೆಯುವವನಿಗೆ ಕೆರೆ ಚೆನ್ನಾಗಿದೆಯೇ ಎಂಬುದಷ್ಟೇ ತಿಳಿಯುತ್ತದೆ. ಕೆರೆಯಿಂದ ಕೆರೆಗೆ ನಡೆಯುವವನಿಗೆ ಅದು ಏಕೆ ಕೆಟ್ಟಿದೆ ಎಂಬುದು ತಿಳಿಯುತ್ತದೆ.

ಹತ್ತು–ಹದಿನೈದು ಮಂದಿಯ ವಾಕಿಂಗ್ ಗುಂಪುಗಳು ಈ ಭಾಗದ ಪ್ರತಿ ಬಡಾವಣೆಯಲ್ಲೂ ಇವೆ. ತಿಂಗಳಿಗೊಂದು ಭಾನುವಾರ ಹೀಗೆ ಒಂದು ಕಾಲುವೆಯನ್ನು ಹಿಡಿದು ನಡೆಯುವುದು ಅವರಿಗೆ ಹೊರೆಯಲ್ಲ. ಮಕ್ಕಳನ್ನು ಕರೆದುಕೊಂಡು ಹೋದರೆ ಹಕ್ಕಿ, ಹಳೆಯ ತೂಬಿನ ಕಲ್ಲು, ಏರಿಯ ಮೇಲಿನ ಗಂಗಮ್ಮನ ಗುಡಿ, ಪಾಠಪುಸ್ತಕದಲ್ಲಿಲ್ಲದ ನೂರು ಪ್ರಶ್ನೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಕೆರೆ ಒಂದು ಕಚೇರಿಯ ಕಡತದಲ್ಲಿ, ಕಾಲುವೆ ಇನ್ನೊಂದು ಕಚೇರಿಯದರಲ್ಲಿ, ಒಳಚರಂಡಿ ಜಲಮಂಡಳಿಯಲ್ಲಿ ಎಂಬ ಹಳೆಯ ಹಂಚಿಕೆ ಹೊಸ ಕಟ್ಟಡಗಳಿಗೂ ಹಾಗೇ ಸಾಗಬಾರದು. ಹೊಸ ಪಾಲಿಕೆಯ ಮುಂದೆ ಪಶ್ಚಿಮದ ಕೆರೆ ಬಳಗಗಳು ಒಟ್ಟಾಗಿ ಕೇಳಬೇಕಾದ್ದು ಮೂರೇ ಮಾತು: ಮಲ್ಲತ್ತಹಳ್ಳಿಯಿಂದ ವೃಷಭಾವತಿಯ ತನಕ ರಾಜಕಾಲುವೆಯ ಗಡಿ ಅಳೆದು ಕಲ್ಲು ನೆಡಿ, ಅದಕ್ಕೆ ಬೀಳುವ ಒಳಚರಂಡಿಯ ಪ್ರತಿ ಪೈಪನ್ನೂ ಬೇರ್ಪಡಿಸಿ, ಕಾಲುವೆಯ ಒಂದು ಅಂಚಿನಲ್ಲಿ ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲದ ಮಣ್ಣಿನ ದಾರಿ ಬಿಡಿ. ಕಾರಂಜಿಗೂ ಕಮಾನಿಗೂ ಇಟ್ಟ ಹಣ ಮೊದಲು ಇದಕ್ಕೆ ಬರಲಿ.